ಮೊದಲ ತತ್ತಿಯ ಕರಾರು

ಐದು ತಿಂಗಳ ಹಿಂದೆ ಹೆಂಡತಿಯ ಜೊತೆ ಒಂದು ಕರಾರು ಮಾಡಿಕೊಂಡ ಕಾಕಾಸಾಹೇಬ ಅಂದಿನಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ರಾಯಬಾಗದ ಪಕ್ಕದ ಅವರ ಊರಿನ ಹೆಂಗಸರ ಸಂಘಕ್ಕೆ ಕೋಳಿಮರಿಗಳು ಬಂದಿದ್ದವು. ಲಕ್ಷ್ಮಿಬಾಯಿ ತನ್ನ ಪಾಲಿನ ಆರನ್ನು ಬುಟ್ಟಿಯಲ್ಲಿ ತಂದು ಅಂಗಳದಲ್ಲಿ ಇಳಿಸಿ, "ತತ್ತಿ ಹಾಕೂಮಟಾ ನೀವ್ ನೋಡ್ಕೋರಿ. ತತ್ತಿ ಚಾಲೂ ಆದ ಮ್ಯಾಲೆ ನಾ ನೋಡ್ಕೊಂತೀನಿ" ಅಂದಿದ್ದಳು. ಎಷ್ಟು ದಿನ ಆದೀತು ಎಂದುಕೊಂಡು ಅವನು ಹೂಂ ಅಂದಿದ್ದ.

ಸಕ್ಕರೆ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಏಳಕ್ಕೆ ಬಂದರೆ ಅವನಿಗಾಗಿ ಕಾಯುತ್ತಿದ್ದುದು ಹಾಸಿಗೆಯಲ್ಲ, ಕೋಳಿಗೂಡು. ನೀರು ಬದಲಿಸಬೇಕು, ಫೀಡ್ ಹಾಕಬೇಕು, ಸೊಪ್ಪು ಹೆಚ್ಚಬೇಕು, ಗೂಡಿನ ಹಿಕ್ಕೆ ಬಳಿಯಬೇಕು. ಇಷ್ಟೆಲ್ಲ ಮಾಡಿ ಮಲಗಿದ ಅರ್ಧ ತಾಸಿಗೆ ಯಾವುದಾದರೂ ಒಂದು ಬೇಲಿ ಹಾರಿರುತ್ತಿತ್ತು. ಅವನ ಕಣ್ಣು ಕಾರ್ಖಾನೆಯ ಬಾಯ್ಲರ್ ಕಿಂಡಿಯಂತೆ ಕೆಂಪಾಗಿತ್ತು.

ಆ ಗುರುವಾರ ಬೆಳಗ್ಗೆ ಅವನು ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕೈ ಮುಗಿದ. "ಒಂದಾದ್ರೂ ಹಾಕ್ರೆವ್ವಾ. ಸಣ್ಣದಿದ್ರೂ ನಡೀತೈತಿ."

ಗೋಡೆಯಾಚೆಯಿಂದ ಮುದುಕಿ ತಾರವ್ವನ ತಲೆ ಎದ್ದಿತು. "ಕೈ ಮುಗದ್ರ ಹಾಕ್ತಾವೇನೋ ತಮ್ಮಾ? ಹಿಡದ ನೋಡಬೇಕ. ತಡಿ, ಬಂದೆ."

ಬೇಡ ಅನ್ನುವಷ್ಟರಲ್ಲಿ ಬಂದೇ ಬಿಟ್ಟಳು. "ಆ ಕೆಂದ ಕ್ವಾಳಿ ಹಿಡಿ" ಅಂದಳು. ಕೆಂದ ಕೋಳಿ ಅವನನ್ನು ಅಂಗಳ ಮೂರು ಸುತ್ತು ಹಾಕಿಸಿ, ನೀರಿನ ಬಕೆಟ್ ಕೆಡವಿ, ಕೊನೆಗೆ ಬೈಕಿನ ಕೆಳಗೆ ಸಿಕ್ಕಿತು. ಅವನ ಮೊಣಕೈ ತರಚಿತ್ತು. ತಾರವ್ವ ನೋಡಿದ್ದು ಕೋಳಿಯನ್ನು ಮಾತ್ರ.

"ಜುಟ್ಟ ಕೆಂಪಾಗೇತಿ. ಬೆನ್ನ ಮ್ಯಾಲೆ ಕೈ ಇಟ್ರ ತಗ್ಗಿ ಕುಂದರತೈತಿ. ಹಿಂದಿನ ಎರಡ ಎಲುಬಿನ ನಡುವ ಬಟ್ಟ ಇಟ್ಟ ನೋಡು. ಎಷ್ಟ ಬೆರಳ ಹಿಡಸ್ತಾವ? ಮೂರಾದ್ರ ತತ್ತಿ ಬಂತಂತ ತಿಳಿ."

"ಎರಡ್ರಿ."

"ಸರಿಯಾಗಿ ಇಡೋ."

"ಎರಡೂವರೆ ಅನ್ರಿ."

"ಹಂಗಾರ ಇವತ್ತ ಹಾಕಿದ್ರ ಹಾಕೀತು, ಇಲ್ಲಾ ಇನ್ನ ಎಂಟ ದಿನ ಆದೀತು" ಎಂದು ತಾರವ್ವ ಕೋಳಿಯನ್ನು ಬಿಟ್ಟು ಹೊರಟುಹೋದಳು.

ಇನ್ನೂ ಎಂಟು ದಿನ ಕಾಯಲು ಕಾಕಾಸಾಹೇಬ ತಯಾರಿರಲಿಲ್ಲ. ಮಲಗುವುದು ಬಿಟ್ಟು ಬೈಕು ಹತ್ತಿ ರಾಯಬಾಗಕ್ಕೆ, ಭೂಪಾಲ ಸಾವಕಾರರ ಅಂಗಡಿಗೆ ಹೋದ. ಜೈನರಾದ ಭೂಪಾಲರ ಏಳು ತಲೆಮಾರಿನಲ್ಲಿ ಯಾರೂ ತತ್ತಿ ಮುಟ್ಟಿದವರಲ್ಲ. ಆದರೆ ದನದ ಹಿಂಡಿಯ ಜೊತೆ ಕೋಳಿ ಫೀಡನ್ನೂ ಮಾರುತ್ತ ಅವರು ಕೋಳಿಗಳ ಬಗ್ಗೆ ಹೆತ್ತ ತಾಯಿಯಂತೆ ಮಾತಾಡುತ್ತಿದ್ದರು.

"ಸಾವ್ಕಾರ್ರ, ತತ್ತಿ ಹಾಕೂ ಕ್ವಾಳಿಗಿ ಹಾಕ್ತಾರಲ್ಲ, ಆ ಫೀಡ್ ಕೊಡ್ರಿ."

"ತತ್ತಿ ಹಾಕಾಕತ್ತಾವೇನ್ರಿ?"

"ಇನ್ನೂ ಇಲ್ರಿ. ಅದನ್ನ ತಿಂದಾದ್ರೂ ಹಾಕ್ಲಿ ಅಂತ."

ಭೂಪಾಲ ತಕ್ಕಡಿ ಕೆಳಗಿಟ್ಟರು. "ಅರೇ ಬಾಬಾ, ಹಂಗ ಮಾಡಬ್ಯಾಡ್ರಿ! ಅದರಾಗ ಸುಣ್ಣ ಭಾಳ ಇರತೈತಿ. ಎಳೀ ಕ್ವಾಳಿ ಕಿಡ್ನಿ ಕೆಡ್ತಾವ. ಈಗ ಹಾಕೂದನ್ನ ಹಾಕ್ರಿ. ಮೊದಲನೇ ತತ್ತಿ ಕಂಡ ಮ್ಯಾಲೆ ಬರ್ರಿ, ಕೊಡ್ತೀನಿ."

"ತತ್ತಿ ಕಂಡ ಮ್ಯಾಲೆ ನಾ ಯಾಕ ಬರ್ಲ್ರಿ? ಆವಾಗ ಆಕಿ ಬರ್ತಾಳ!"

ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬಳು ಜವಾರಿ ತತ್ತಿಯ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಕಾಕಾಸಾಹೇಬ ಮುಂದೆ ಹೋಗಿ, ನಿಂತು, ತಿರುಗಿ ಬಂದ. ನಲವತ್ತೆಂಟು ವರ್ಷದ ಬಾಳಿನಲ್ಲಿ ಹೆಂಡತಿಗೆ ಮೋಸ ಮಾಡಬೇಕೆಂದು ಅವನಿಗೆ ಅನಿಸಿದ್ದು ಅದೇ ಮೊದಲು, ಅದೂ ಒಂದು ತತ್ತಿಯಿಂದ. ಕೊಂಡ ತತ್ತಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಕೂಸನ್ನು ಎತ್ತಿಕೊಂಡವನಂತೆ ನಿಧಾನವಾಗಿ ಬೈಕು ಓಡಿಸಿದ. ಲಕ್ಷ್ಮಿಬಾಯಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಗೂಡಿನ ಮೂಲೆಯ ಹುಲ್ಲಿನಲ್ಲಿ ತತ್ತಿಯನ್ನಿಟ್ಟು, ಸದ್ದಿಲ್ಲದೆ ಹೋಗಿ ಮಲಗಿದ.

ಐದು ತಿಂಗಳಲ್ಲಿ ಅಂಥ ನಿದ್ದೆ ಬಂದಿರಲಿಲ್ಲ. ಯಾರೋ "ತತ್ತಿ! ತತ್ತಿ!" ಎಂದು ಕೂಗಿದ್ದು ಕೇಳಿಸಿತು. ಕನಸಿರಬೇಕೆಂದು ಮಗ್ಗುಲಾದ.

ಸಂಜೆ ಐದಕ್ಕೆ ಲಕ್ಷ್ಮಿಬಾಯಿ ಚಹಾ ತಂದು ಎಬ್ಬಿಸಿದಳು. ಮುಖ ಅರಳಿತ್ತು. "ಏಳ್ರಿ, ಹೊರಗ ಬರ್ರಿ. ಎಲ್ಲಾರೂ ನಿಮ್ಮನ್ನ ಕಾಯಾಕತ್ತಾರ."

ಅಂಗಳದಲ್ಲಿ ಸಂಘದ ಆರು ಹೆಂಗಸರು, ಆರು ಬುಟ್ಟಿ. ಪ್ರತಿ ಬುಟ್ಟಿಯಿಂದ ಆರು ಕುತ್ತಿಗೆ ಹೊರಗೆ ಚಾಚಿದ್ದವು.

"ಎಲ್ಲಾರ ಮರಿನೂ ಒಂದ ದಿನ ಬಂದಿದ್ವು. ಯಾರವೂ ಹಾಕಿಲ್ಲ, ನಮ್ಮುವ ಮೊದಲ" ಅಂದಳು ಲಕ್ಷ್ಮಿಬಾಯಿ. "ನಿಮ್ಮ ಕೈಗುಣ ಛಲೋ ಐತಿ ಅಂತ ಎಲ್ಲಾರೂ ಅಂದ್ರು. ತಂದ ಬಿಡ್ರಿ, ತತ್ತಿ ಹಾಕೂಮಟಾ ನಮ್ಮನಿಯವರ ನೋಡ್ಕೊಂತಾರ ಅಂದೆ. ನಮ್ಮ ಆರನ್ನ ಇನ್ ಮ್ಯಾಲೆ ನಾ ನೋಡ್ತೀನಿ. ಇವು ಮೂವತ್ತಾರ ಅಷ್ಟ ನಿಮ್ಮುವು."

ಕಾಕಾಸಾಹೇಬ ಚಹಾದ ಕಪ್ಪು ಹಿಡಿದುಕೊಂಡೇ ಬುಟ್ಟಿಗಳನ್ನು ಎಣಿಸಿದ. ಮೂವತ್ತಾರಕ್ಕಿಂತ ಆರೇ ವಾಸಿ. ಮರ್ಯಾದೆ ಹೋದರೆ ಹೋಗಲಿ ಎಂದು ಬಾಯಿಬಿಟ್ಟ.

"ತಪ್ಪಾತ್ರಿ. ಆ ತತ್ತಿ ನಮ್ಮ ಕ್ವಾಳಿ ಹಾಕಿದ್ದಲ್ಲ. ರಾಯಬಾಗ ಬಸ್ ಸ್ಟ್ಯಾಂಡಿನ್ಯಾಗ ನಾನ ತಂದ ಇಟ್ಟೀನಿ."

ಲಕ್ಷ್ಮಿಬಾಯಿ ಗಂಡನನ್ನು ನೋಡಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಅಂಗೈ ಮುಂದೆ ಮಾಡಿದಳು. ಎರಡು ತತ್ತಿ. ಒಂದು ದಪ್ಪನೆಯದು. ಇನ್ನೊಂದು ಲಿಂಬೆಹಣ್ಣಿಗಿಂತ ತುಸು ದೊಡ್ಡದು, ಮೊದಲ ತತ್ತಿಗೆ ಇರುವಂತೆ ಮೇಲೆ ಎಳೆಯಷ್ಟು ರಕ್ತದ ಗೆರೆ.

"ಇದರಾಗ ಯಾವದ್ರಿ ನೀವ್ ತಂದದ್ದು? ಕೆಂದ ಕ್ವಾಳಿ ಈ ದಪ್ಪಂದರ ಬಾಜೂಕ ಕುಂತ ಈ ಸಣ್ಣದನ್ನ ಹಾಕಿದ್ದನ್ನ ನಾನ ಕಣ್ಣಾರೆ ನೋಡೀನಿ."

ಗೋಡೆಯಾಚೆಯಿಂದ ತಾರವ್ವ ಚಪ್ಪಾಳೆ ತಟ್ಟಿದಳು. "ನೋಡ್ರೇ! ಗೂಡಿನ್ಯಾಗ ಒಂದ ತತ್ತಿ ಇಟ್ರ ಕ್ವಾಳಿಗಿ ಇದ ಜಾಗಾ ಅಂತ ತಿಳೀತೈತಿ. ನಮ್ಮವ್ವ ಹಿಂಗ ಮಾಡ್ತಿದ್ಲು. ಈಗಿನ ಮಂದಿಗಿ ಎಲ್ಲಿ ಗೊತ್ತೈತಿ? ಬೆಳಿಗ್ಗಿ ನನ್ನ ಮುಂದ ಏನೂ ಅರೀದವ್ನಂಗ ನಿಂತಿದ್ದಾ, ಕಳ್ಳ!"

ಹೆಂಗಸರು ಹೌದು ಹೌದೆಂದು ಬುಟ್ಟಿಗಳ ಬಾಯಿ ಬಿಚ್ಚಿದರು. ಅಂಗಳ ತುಂಬಿತು. ಒಂದು ಬೈಕಿನ ಸೀಟಿನ ಮೇಲೆ ಹತ್ತಿತು, ಇನ್ನೊಂದು ನೇರ ಒಳಗೆ ನಡೆದು ಅವನ ಹಾಸಿಗೆ ಏರಿತು.

ಎಲ್ಲರೂ ಹೋದ ಮೇಲೂ ಕೊನೆಮನೆಯ ಸೊಸೆ ಸಪನಾ ಒಂದು ಕರಿ ಕೋಳಿಯನ್ನು ಎದೆಗವಚಿಕೊಂಡು ನಿಂತೇ ಇದ್ದಳು.

"ಅಣ್ಣಾರ, ಇದು ಒಂದ ಇದ್ರ ಭಾಳ ಅಂಜತೈತ್ರಿ. ಹಗಲಿ ನೀವ್ ಮಲಗೂಮುಂದ ಬಾಜೂಕ ಇಟ್ಕೊಂತೀರೇನ್ರಿ?"

ಕಾಕಾಸಾಹೇಬ ಆರಿದ ಚಹಾವನ್ನು ಕಟ್ಟೆಯ ಮೇಲಿಟ್ಟು ಕೋಳಿಯನ್ನು ತೆಗೆದುಕೊಂಡ.

"ಹೆಸರ ಏನವಾ ಇದರದು?" ಎಂದು ಕೇಳಿದ.