ಮೂರು ಸಲ ಉಂಡ್ರನ ಲೆಕ್ಕಕ್ಕ

ನಗಿ ಬರೂವಂಥಾ ಪ್ರಸಂಗ ನನಗ ವಾರಕ್ಕೊಂದರೆ ಆಗತೈತಿ. ಸಂಜಿಕ್ಕ ಮನಿಗೆ ಬಂದು ಹೇಳೂಣು ಅಂದ್ರ ಕೇಳಾವ್ರ ಇಲ್ಲ, ಅದ ತ್ರಾಸು. ಧಾರವಾಡ ಬಿಟ್ಟು ನಾಗಪುರಕ್ಕ ಬಂದು ಹನ್ನೊಂದು ವರ್ಷಾತು, ಒಬ್ಬಾಕಿನ ಇರ್ತೀನಿ. ಅಕ್ಕಿ ಕಾಳಿನಾಗ ಪಿಷ್ಟ ಹೆಂಗ ಕೂಡತೈತಿ ಅಂತ ನೋಡೂದು ನನ್ನ ನೌಕರಿ. ಪಿಷ್ಟದಾಗ ಅಮೈಲೋಸ್ ಅನ್ನೂದು ಹೆಚ್ಚಿದ್ರ ಅನ್ನ ಉದುರುದುರು, ಕಡಿಮಿ ಇದ್ರ ಅಂಟಿಕೊಂಡು ಮುದ್ದಿ. ಎಷ್ಟಿರಬೇಕು ಅನ್ನೂದನ್ನ ಹೆಚ್ಚಾಗಿ ಒಂದು ಜೀನ್ ಹೇಳತೈತಿ. "ನಿಮ್ದು ಉದುರು ತಳಿ ಬಿಡ್ರಿ ಬಾಯಾರ, ಯಾರಿಗೂ ಅಂಟಂಗಿಲ್ಲ" ಅಂತ ಲ್ಯಾಬಿನವ್ರು ಕಾಡಸ್ತಾರ. ನಾನೂ ನಗ್ತೀನಿ.

೧. ಮೂರು ಬೆರಳು

ಕಾಳನ್ನ ಎಡಗೈಯಾಗ ಹಿಡಿದು, ಕೊಯ್ದು, ಅಯೋಡಿನ್ ಹನಿ ಹಾಕ್ತೀವಿ. ನೀಲಿ ಆತಂದ್ರ ಅಮೈಲೋಸ್ ಐತಿ. ಕಾಳಿಗಿಂತ ಮೊದ್ಲ ನನ್ನ ಬೆರಳಿಗೆ ಬಣ್ಣ ಹತ್ತತೈತಿ. ಎಲೆಕ್ಷನ್ ದಿನ ಅದ ಕೈಲೆ ವೋಟ್ ಹಾಕಾಕ ಹೋದೆ.

ಶಾಯಿ ಹಚ್ಚೂ ಸಾಹೇಬ್ರು ಗಾಬರಿ ಆದ್ರು. "ಮೂರು ಬೆರಳಿಗೆ ಐತಲ್ಲ ಬಾಯಿ! ಎಷ್ಟು ಕಡೆ ಹಾಕಿ ಬಂದ್ರಿ?"

ನಾನು ಪಿಷ್ಟದಿಂದ ಹಿಡಿದು ಜೀನ್ ತನಕ ಎಲ್ಲಾ ಹೇಳಿದೆ. ಪಾಳಿ ಹಚ್ಚಿ ನಿಂತ ಮಂದಿ ಎಲ್ಲಾ ಕಿವಿಗೊಟ್ಟು ಕೇಳ್ತು. ಅಷ್ಟು ಮಂದಿ ನನ್ನ ಮಾತು ಕೇಳಿ ಎಷ್ಟು ದಿನ ಆಗಿತ್ತೋ, ಇನ್ನೂ ಉಮೇದಿ ಬಂತು. ಸಾಹೇಬ್ರು ಕೈ ಮುಗುದು, "ವೋಟ್ ಹಾಕ್ರಿ ತಾಯಿ, ಪಾಠ ನಿಲ್ಲಸ್ರಿ" ಅಂದ್ರು.

೨. ರಟ್ಟಿನ ಗ್ವಾಡಿ

ಹೊಸ ತಳಿ ಅಕ್ಕಿ ಬಂದ್ರ ಲ್ಯಾಬಿನಾಗ ಉಂಡು ನೋಡೂ ಪರೀಕ್ಷೆ ಇರತೈತಿ. ಹತ್ತು ಮಂದಿ ಒಂದ ಟೇಬಲ್, ನಡುವ ರಟ್ಟಿನ ಗ್ವಾಡಿ. ಸಾರಿಲ್ಲ, ಉಪ್ಪಿಲ್ಲ, ಬರೇ ಅನ್ನ. ಮಾತಾಡಂಗಿಲ್ಲ, ಚೀಟಿ ಮ್ಯಾಲ ಅಂಕ ಹಾಕಬೇಕು. ನಮ್ಮ ಹಿರಿಯ ಸಾಹೇಬ್ರದು ಒಂದ ಹಟ: "ಒಂದು ಸಲದ್ದು ಲೆಕ್ಕಕ್ಕಿಲ್ಲ. ಮೂರು ಸಲ ಉಂಡ್ರನ ಬರೋಬರ್."

ನಾ ಮಂದಿ ಜೋಡಿ ಕುಂತು ಉಣ್ಣೂದು ಅದೊಂದ ಊಟ. ಒಂದಿನ ಆಜೂಬಾಜೂ ಅಗಿಯೂ ಸಪ್ಪಳ ಕೇಳಿ ನಮ್ಮನಿ ಪಂಕ್ತಿ ನೆನಪಾಗಿ, ಮೈಮರೆತು ಒದರಿದೆ: "ಯಾರಿಗರೆ ಇನ್ನೊಂಚೂರು ನೀಡ್ಲೇನ್ರಿ?"

ಸಾಹೇಬ್ರು ಹತ್ತೂ ಚೀಟಿ ರದ್ದು ಮಾಡಿದ್ರು. ಗ್ವಾಡಿ ಆಕಡಿಂದ ಒಂದು ಕೈ ಮಾತ್ರ ಮೆಲ್ಲಕ ತಾಟು ಮುಂದ ಮಾಡ್ತು.

೩. ಕೆಳಗಿನ ಮನಿ ಅಕ್ಕಾರು

ನಮ್ಮ ಕೆಳಗಿನ ಮನ್ಯಾಗ ವಿಜಾಪುರ ಕಡೆಯ ರಿಟೈರ್ಡ್ ಟೀಚರ್ ಒಬ್ಬರು ಇದ್ದಾರ. ಅವರೂ ಒಬ್ಬರ ಇರ್ತಾರ. ಏಳು ವರ್ಷ ಮೆಟ್ಟಲ ಮ್ಯಾಲ ಸಿಕ್ಕಾಗ "ಊಟಾತೇನ್ರಿ?" "ಆತ್ರಿ" ಅಷ್ಟ ನಮ್ಮ ಮಾತು. ಊಟಕ್ಕ ಕರಿಯಾಕ ಧೈರ್ಯ ಸಾಲಲಿಲ್ಲ, ಒಲ್ಲೆ ಅಂದ್ರ ಏನ್ ಮಾಡ್ಲಿ? ಕಡೀಕ ಒಂದು ಸುಳ್ಳು ಹೇಳಿದೆ: "ಅಕ್ಕಾರ, ಲ್ಯಾಬಿನ ಪರೀಕ್ಷೆ ಅಕ್ಕಿ ಐತ್ರಿ. ಉಂಡು ನೋಡಿ ಅಂಕ ಹಾಕ್ತೀರೇನು?"

ಬಂದ್ರು. ಬ್ಯಾಳಿ ಸಾರು ಹಾಕ್ಕೊಂಡು ಉಂಡ್ರು, ಶಾಲಿ ಮಕ್ಕಳ ಕಥಿ ಹೇಳ್ಕೋತ ಹತ್ತಕ್ಕ ಆರು ಹಾಕಿದ್ರು. "ಒಂದು ಸಲದ್ದು ಲೆಕ್ಕಕ್ಕಿಲ್ರಿ" ಅಂದೆ. ಮರುದಿನ ಬಂದ್ರು, ಅದರ ಮರುದಿನಾನೂ ಬಂದ್ರು. ನನಗ ಬೇಕಾದ್ದು ಅಂಕ ಅಲ್ಲ, ಎದುರಿಗೆ ಇನ್ನೊಂದು ತಾಟು. ಆದ್ರ ಮೂರು ಮುಗುದ್ವು. ನಾಕನೇ ದಿನ ಏನ್ ನೆವ ಹೇಳೂದು? ಒಬ್ಬಾಕಿನ ಕುಕ್ಕರ್ ಮುಂದ ನಿಂತು ಅಳು ಬಂತು.

ಅಷ್ಟರಾಗ ಅಕ್ಕಾರು ಬಾಗಲಾ ಬಡದ್ರು. "ಜಲ್ದಿ ಕೆಳಗ ಬಾ ತಂಗಿ. ಇವತ್ತ ನನ್ನ ಅಕ್ಕಿ ಪರೀಕ್ಷೆ."

"ಯಾವ ತಳಿ ಅಕ್ಕಾರ?"

"ನೀ ಕೊಟ್ಟದ್ದ. ಆ ಮೂಲಿ ಕಿರಾಣಿ ಅಂಗಡಿಯಿಂದನ ನಾನೂ ತರ್ತೀನಿ. ಮೊದಲ ದಿನಾನ ಗೊತ್ತಾಗಿತ್ತು."

ನಾಚಿಕಿಲೆ ತಲಿ ಎತ್ತಲಾರದ ಖಿಚಡಿ ಉಂಡೆ, ಹತ್ತಕ್ಕ ಹತ್ತು ಬರದೆ. ಅಕ್ಕಾರು ಚೀಟಿ ನೋಡಿದ್ರು, ಕೆಂಪು ಪೆನ್ನು ತಗದು ನನ್ನ ಅಂಕ ಹೊಡದ ಹಾಕಿದ್ರು.

"ಉಪ್ಪ ಹಾಕೂದು ಮರ್ತೀನಿ, ಹತ್ತಕ್ಕ ಹತ್ತು ಹೆಂಗ ಕೊಟ್ಟಿ? ನಪಾಸು ನೀನು. ನಾಳಿಗೆ ಬಂದು ಮತ್ತ ಉಣ್ಣು."