ಮಧ್ಯಾಹ್ನ ಮುನಿಯುವ ಪಿಕಪ್ಪು

ಕೆಟ್ಟ ಯಂತ್ರ ಯಾವುದೇ ಇರಲಿ, ಅದರ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಸಾಕು, ರೋಗ ಏನೆಂದು ನನಗೆ ತಾನಾಗಿಯೇ ಹೊಳೆಯುತ್ತದೆ ಎಂಬ ನಂಬಿಕೆ ನನಗಿತ್ತು. ಇಡೀ ಹೊನ್ನವಳ್ಳಿಯಲ್ಲಿ ಈ ನಂಬಿಕೆ ಇದ್ದವನು ನಾನೊಬ್ಬನೇ. ಆದರೆ ನಂಬಿಕೆಗೆ ಬಹುಮತ ಬೇಕಿಲ್ಲವಲ್ಲ! ತೋಟದ ಮೋಟರನ್ನು ಒಮ್ಮೆ ನಾನೇ ಬಿಚ್ಚಿ ನಾನೇ ಜೋಡಿಸಿದ್ದೆ. ಆಮೇಲೆ ಹೊಸ ಮೋಟರ್ ತರಬೇಕಾಯಿತು. ಅದು ಬೇರೆ ವಿಷಯ.

ಆದ್ದರಿಂದ ನಮ್ಮ ಪಿಕಪ್ ಗಾಡಿ ಮೊದಲ ಸಲ ಸ್ಟಾರ್ಟ್ ಆಗದೆ ನಿಂತಾಗ ನನಗೆ ಗಾಬರಿಯಾಗಲಿಲ್ಲ. ಒಳಗೊಳಗೆ ಸಂತೋಷವೇ ಆಯಿತು.

ಆಗ ಮಗಳು ಕಾವ್ಯಳ ಮದುವೆ ಗೊತ್ತಾಗಿತ್ತು. ನಾನೂ ನನ್ನ ಹೆಂಡತಿ ಸುಜಾತಳೂ ಲಗ್ನಪತ್ರಿಕೆ ಹಂಚುತ್ತಾ ಊರೂರು ತಿರುಗುತ್ತಿದ್ದೆವು. ಆ ದಿನ ತುರುವೇಕೆರೆಯ ಕಡೆ ನೆಂಟರ ಮನೆಯಲ್ಲಿ ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು ಬಂದು ಕೀ ತಿರುಗಿಸಿದೆ. ಮುಂದಿನ ದೀಪಗಳೆಲ್ಲ ಹತ್ತಿದವು. ಹಾರನ್ ಮೊಳಗಿತು. ಇಂಜಿನ್ ಮಾತ್ರ ಕೆಮ್ಮಲೂ ಇಲ್ಲ, ಕ್ಯಾಕರಿಸಲೂ ಇಲ್ಲ. ನೆಂಟರ ಮನೆಯವರೆಲ್ಲ ಸೇರಿ ತಳ್ಳಿ ಸ್ಟಾರ್ಟ್ ಮಾಡಿಸಿದರು.

"ಬ್ಯಾಟರಿ ಕಣೇ" ಎಂದೆ.

"ದೀಪ ಹತ್ತುತ್ತಲ್ರೀ?"

"ದೀಪದ ಕರೆಂಟೇ ಬೇರೆ, ಸೆಲ್ಫಿನ ಕರೆಂಟೇ ಬೇರೆ" ಎಂದು ಗಂಭೀರವಾಗಿ ತಿಳಿಸಿದೆ. ಎರಡೂ ಒಂದೇ ಬ್ಯಾಟರಿಯಿಂದ ಬರುತ್ತವೆ ಎಂಬುದು ನನಗೂ ಗೊತ್ತಿತ್ತು. ಆದರೆ ಗಂಡನಾದವನು ಒಮ್ಮೆ ರೋಗ ಹೇಳಿದ ಮೇಲೆ ಹಿಂದೆ ಸರಿಯಬಾರದು.

ಹೊಸ ಬ್ಯಾಟರಿ ಬಂತು. ಮಾರನೆಯ ಬೆಳಿಗ್ಗೆ ಗಾಡಿ ಒಂದೇ ಸಲಕ್ಕೆ ಗುರ್ ಎಂದಿತು. ಪಕ್ಕದ ತೋಟದ ಕೆಂಪರಾಜನನ್ನು ಕೂಗಿ ಕರೆದು ಕೇಳಿಸಿದೆ. ಕೆಂಪರಾಜ ನನ್ನ ಜೊತೆ ಶಾಲೆಯಲ್ಲಿ ಓದಿದವನು. ನನ್ನ ಗೆಲುವುಗಳನ್ನು ನೋಡಲು ಅವನಿಗೆ ಎಂದೂ ಪುರುಸೊತ್ತಿರುವುದಿಲ್ಲ. ಸೋಲಿಗೆ ಮಾತ್ರ ಕರೆಯದಿದ್ದರೂ ಬರುತ್ತಾನೆ.

ಅದೇ ಮಧ್ಯಾಹ್ನ ದಬ್ಬೇಘಟ್ಟದಲ್ಲಿ ಸೋದರತ್ತೆಯ ಮನೆಯ ಹೋಳಿಗೆ ಊಟದ ನಂತರ ಗಾಡಿ ಮತ್ತೆ ಮುನಿಯಿತು. ಮತ್ತೆ ತಳ್ಳಾಟ! ಎಂಬತ್ತು ದಾಟಿದ ಸೋದರತ್ತೆಯೂ ಒಂದು ಕೈ ಹಚ್ಚಿದಳು.

ಅಂದಿನಿಂದ ನನ್ನ ನೆಮ್ಮದಿ ಹೋಯಿತು. ಕೆಟ್ಟ ಗಾಡಿಯಾದರೆ ಕೆಟ್ಟಿದೆ ಎಂದು ಸುಮ್ಮನಾಗಬಹುದು. ಒಳ್ಳೆಯ ಗಾಡಿಯಾದರೆ ಓಡಿಸಬಹುದು. ಇದು ಎರಡೂ ಅಲ್ಲ! ಸ್ಟಾರ್ಟ್ ಆದರೆ ಆರಿಸಲು ಧೈರ್ಯವಿಲ್ಲ. ಕೊಬ್ಬರಿ ಮಂಡಿಗೆ ಹೋದರೆ ಗಾಡಿ ಹೊರಗೆ ಗುರುಗುಟ್ಟುತ್ತಲೇ ಇರುತ್ತಿತ್ತು. ನಾನು ಒಳಗೆ ಎರಡು ಮಾತಾಡಿ, ಹೊರಗೆ ಬಂದು ನೋಡಿ, ಮತ್ತೆ ಒಳಗೆ ಓಡುತ್ತಿದ್ದೆ. ಮಂಡಿಯವರು, "ಯಾಕಣ್ಣ, ಹೊಟ್ಟೆ ಸರಿ ಇಲ್ವಾ?" ಎಂದು ಕೇಳಿದರು. ನಿಲ್ಲಿಸುವುದೇ ಆದರೆ ಇಳಿಜಾರು ಹುಡುಕುತ್ತಿದ್ದೆ. ನೆಂಟರ ಮನೆ ಬೀದಿಯ ಈ ತುದಿಯಲ್ಲಿದ್ದರೆ ನನ್ನ ಗಾಡಿ ಕೆರೆ ಏರಿಯ ಮೇಲೆ ಇರುತ್ತಿತ್ತು. ಪತ್ರಿಕೆ, ಅರಿಶಿನ ಕುಂಕುಮದ ತಟ್ಟೆ ಹಿಡಿದುಕೊಂಡು ಸುಜಾತ ಬಿಸಿಲಿನಲ್ಲಿ ನಡೆದು ಬರುತ್ತಿದ್ದಳು.

ತಿಪಟೂರಿನ ಮೆಕ್ಯಾನಿಕ್ ಬಾಬಣ್ಣನ ಬಳಿ ಬೆಳಿಗ್ಗೆಯೇ ಗಾಡಿ ಒಯ್ದೆ. ಅವನು ಕೂತ. ಕೀ ತಿರುಗಿಸಿದ. ಸ್ಟಾರ್ಟ್! ಆರಿಸಿದ. ಮತ್ತೆ ಸ್ಟಾರ್ಟ್! ನನ್ನ ಮುಖ ನೋಡಿದ.

"ಏನಾಗೈತೆ ಇದಕ್ಕೆ?"

"ಸ್ಟಾರ್ಟ್ ಆಗಲ್ಲ ಬಾಬಣ್ಣ."

"ಆಗ್ತಾ ಐತಲ್ಲ!"

"ಈಗ ಆಗ್ತದೆ. ಆಮೇಲೆ ಆಗಲ್ಲ."

"ಆಮೇಲೆ ತಗೊಂಡ್ ಬಾ ಹಂಗಾದ್ರೆ."

"ಆಮೇಲೆ ಸ್ಟಾರ್ಟೇ ಆಗಲ್ಲ, ಹೆಂಗೆ ತರ್ಲಿ?"

ಆದರೂ ನನ್ನ ಸಮಾಧಾನಕ್ಕೆಂದು ಇಂಜಿನ್ ಎಬ್ಬಿಸುವ ಸೆಲ್ಫ್ ಮೋಟರ್ ಬಿಚ್ಚಿ, ಒರೆಸಿ, ಮತ್ತೆ ಹಾಕಿದ. ಆ ಮಧ್ಯಾಹ್ನ ಗಾಡಿ ಮತ್ತೆ ಮೌನವ್ರತ ಹಿಡಿಯಿತು.

ಆಗ ನನಗೆ ಹೊಳೆಯಿತು! ಬೆಳಿಗ್ಗೆ ಆಗುತ್ತದೆ, ಮಧ್ಯಾಹ್ನ ಆಗುವುದಿಲ್ಲ. ಬೆಳಿಗ್ಗೆ ಇಲ್ಲದ್ದು ಮಧ್ಯಾಹ್ನ ಇರುವುದು ಏನು? ಬಿಸಿಲು! ಗಾಡಿಗೆ ಬಿಸಿಲು ತಾಳದು. ಇಷ್ಟು ಸರಳ ವಿಷಯ ಬಾಬಣ್ಣನಿಗೆ ತಿಳಿಯದೇ ಹೋಯಿತೇ ಎಂದು ಅವನ ಬಗ್ಗೆ ಮರುಕವಾಯಿತು.

ಒದ್ದೆ ಗೋಣಿಚೀಲ ತಂದು ಬಾನೆಟ್ಟಿಗೆ ಹೊದಿಸಿದೆ. ಬಿಸಿಲು ತಾಗದಿರಲೆಂದು ಗಾಡಿಯನ್ನು ತೆಂಗಿನಮರದ ಬುಡದಲ್ಲಿ ನಿಲ್ಲಿಸಿದೆ. ನಮ್ಮ ಸೀಮೆಯಲ್ಲಿ ಕೂಸೂ ತೆಂಗಿನಮರದ ಕೆಳಗೆ ಮಲಗುವುದಿಲ್ಲ. ನನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಸಂಶೋಧನೆಯ ಆವೇಶ! ಧಡಾರ್ ಎಂದು ಕಾಯಿ ಬಿದ್ದು, ಕ್ಯಾಬಿನ್ನಿನ ಚಾವಣಿ ತಟ್ಟೆಯಂತೆ ತಗ್ಗಿತು.

ಕೆಂಪರಾಜ ಬೇಲಿಯಾಚೆಯಿಂದ ಕೂಗಿದ. "ಲೇ ರಂಗ, ಈಗ ಸ್ಟಾರ್ಟ್ ಆಯ್ತೇನ್ಲಾ?"

ಆಗಲಿಲ್ಲ.

ಹೀಗೆ ಏಳುತ್ತ ಬೀಳುತ್ತ ಮದುವೆ ಮುಗಿಯಿತು. ಉಳಿದದ್ದು ಬೀಗರೂಟ. ಬೀಗರು ಬಿಳಿಗೆರೆಯವರು. ಅವರ ಮನೆಯ ಮುಂದೆ ಶಾಮಿಯಾನ ಹಾಕಿದರೆ ಒಲೆ ಹೂಡಲು ಜಾಗವಿರಲಿಲ್ಲ. "ಅಡಿಗೆ ನಮ್ಮ ತೋಟದಲ್ಲಿ ಮಾಡ್ಸಿ ಬಿಸಿಬಿಸಿ ತಂದು ಬಡಿಸ್ತೀನಿ, ನೀವು ಎಲೆ ಹಾಕ್ಕಂಡು ಕೂತಿರಿ" ಎಂದು ನಾನೇ ಮಾತು ಕೊಟ್ಟಿದ್ದೆ. ಸುಜಾತ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡಿದ್ದಳು.

ಅಂದು ಬೆಳಗಿನಿಂದ ನಾನು ಕೂತಲ್ಲಿ ಕೂರಲಿಲ್ಲ. ಒಲೆಯಿಂದ ಗಾಡಿಗೆ, ಗಾಡಿಯಿಂದ ಒಲೆಗೆ. ಪ್ರತಿ ಸಲ ಕೀ ತಿರುಗಿಸಿದಾಗಲೂ ಗಾಡಿ ಸ್ಟಾರ್ಟ್ ಆಯಿತು. ಪ್ರತಿ ಸಲ ಒಲೆಯ ಬಳಿ ಬಂದಾಗಲೂ ಅಡುಗೆಯವರು, "ಉಪ್ಪು ನೋಡಿ ಅಣ್ಣ" ಎಂದು ಒಂದು ತಟ್ಟೆ ಕೊಟ್ಟರು. ಮಾಂಸದ ಸಾರಿನ ಉಪ್ಪು ನೋಡಿದೆ. ಬೋಟಿ ಗೊಜ್ಜಿನ ಖಾರ ನೋಡಿದೆ. ಸಾರು ಮುದ್ದೆಗೆ ಹೊಂದುತ್ತದೆಯೋ ಇಲ್ಲವೋ ಎಂದು ಮುದ್ದೆಯ ಜೊತೆಗೂ ನೋಡಿದೆ. ಮಗಳ ಮರ್ಯಾದೆಯ ಪ್ರಶ್ನೆ. ನಾಲಿಗೆ ಚಿಂತೆಯಲ್ಲಿದ್ದಾಗ ಒಂದೇ ಸಲಕ್ಕೆ ರುಚಿ ಹತ್ತುವುದಿಲ್ಲ. ಎರಡೆರಡು ಸಲ ನೋಡಿದೆ.

ಹಂಡೆ, ಡಬರಿಗಳನ್ನೆಲ್ಲ ಏರಿಸಿ ಹಗ್ಗ ಬಿಗಿದಾಯಿತು. ಬಿಳಿಗೆರೆಯಿಂದ ಬೀಗರ ಫೋನು. "ಬೀಗ್ರೆ, ಜನ ಎಲೆ ಮುಂದೆ ಕೂತವ್ರೆ."

"ಹೊರಟ್ವಿ, ಹೊರಟ್ವಿ!" ಎಂದು ಹತ್ತಿ ಕೂತೆ. ಕೀ ತಿರುಗಿಸಿದೆ.

ಮೌನ.

ತಳ್ಳೋಣವೆಂದರೆ ಹಂಡೆಯ ತುಂಬ ಕುದಿಯುವ ಸಾರು. ಗಾಡಿ ಒಂದು ಸಲ ಜಗ್ಗಿದರೆ ಬೀಗರೂಟವೆಲ್ಲ ತೋಟದ ಮಣ್ಣಿಗೆ! ಸೆಲ್ಫ್ ಮೋಟರಿಗೆ ಸ್ಪಾನರಿನಿಂದ ಎರಡೇಟು ಕೊಟ್ಟರೆ ಎಚ್ಚರಗೊಳ್ಳುತ್ತದೆ ಎಂದು ಫೋನಿನ ವಿಡಿಯೋದಲ್ಲಿ ನೋಡಿದ್ದೆ. ಕೆಳಗಿಳಿದು ಸ್ಪಾನರ್ ಹಿಡಿದು ಗಾಡಿಯ ಅಡಿಗೆ ನುಸುಳಿದೆ.

"ನೀನು ಹತ್ತಿ ಕೂತ್ಕೊಂಡು ಕೀ ತಿರುಗ್ಸು ಕಣೇ!"

ಸುಜಾತ ರೇಷ್ಮೆ ಸೀರೆ ಎತ್ತಿ ಹಿಡಿದು ಹತ್ತಿದಳು. ಅವಳು ಗಿಡ್ಡ. ಸೀಟನ್ನು ಕರಕರ ಎಂದು ಮುಂದಕ್ಕೆ ಎಳೆದುಕೊಂಡಳು.

"ಕ್ಲಚ್ ತುಳೀಬೇಕೇನ್ರೀ?"

"ತಳ ಮುಟ್ಟ ತುಳಿ! ಪೂರ್ತಿ ತುಳಿದ್ರೇನೇ ಈ ಗಾಡಿ ಸೆಲ್ಫ್ ಹೊಡೆಯೋದು. ಅಷ್ಟೂ ಗೊತ್ತಿಲ್ವಾ?" ಎಂದು ಗದರಿ, ಠಣ್ ಎಂದು ಒಂದೇಟು ಹೊಡೆದೆ.

ಗುರ್ರ್! ಗಾಡಿ ಸ್ಟಾರ್ಟ್!

ಅಡಿಯಿಂದ ತೆವಳಿ ಹೊರಬಂದಾಗ ನನ್ನ ಎದೆ ಉಬ್ಬಿತ್ತು. "ನೋಡಿದ್ರಾ?" ಎಂದು ಸ್ಪಾನರ್ ಎತ್ತಿ ಎಲ್ಲರಿಗೂ ತೋರಿಸಿದೆ. ಅಷ್ಟರಲ್ಲಿ ಸುಜಾತ ಇಳಿಯುವ ಅವಸರದಲ್ಲಿ ಕೀ ತಿರುಗಿಸಿ ಆರಿಸಿಬಿಟ್ಟಳು. ನಾನು ಹತ್ತಿ, ಸೀಟು ಹಿಂದಕ್ಕೆ ತಳ್ಳಿ, ಕೀ ತಿರುಗಿಸಿದೆ. ಮೌನ! ಮತ್ತೆ ಅಡಿಗೆ ನುಸುಳಿದೆ. ಅವಳು ಹತ್ತಿದಳು. ಠಣ್, ಗುರ್ರ್! ನಾನು ಹೊರಗೆ ತೆವಳಿ ಬಂದು, ಈ ಸಲ ಆರಿಸಬೇಡವೆಂದು ಕೂಗುವ ಮೊದಲೇ ಅವಳು ಗೇರಿನಲ್ಲಿದ್ದಂತೆಯೇ ಕ್ಲಚ್ ಬಿಟ್ಟಳು. ಗಾಡಿ ಒಮ್ಮೆ ಜಗ್ಗಿ ಆರಿತು. ಹಂಡೆಯಿಂದ ಒಂದಿಷ್ಟು ಸಾರು ತುಳುಕಿ ನನ್ನ ಹೊಸ ಪಂಚೆಯ ಮೇಲೆ ಬಿತ್ತು. ನಾನು ಹತ್ತಿದೆ. ಮೌನ.

ಬೀಗರ ಫೋನು ಮತ್ತೆ ಬಡಿದುಕೊಂಡಿತು. ಯಾರೂ ಎತ್ತಲಿಲ್ಲ.

ಅದುವರೆಗೆ ಬೈಕಿನ ಮೇಲೆ ಕೂತು ನೋಡುತ್ತಿದ್ದ ಕೆಂಪರಾಜ ಬಾಯಿಬಿಟ್ಟ. "ಲೇ ರಂಗ, ಅಕ್ಕ ಕೂತ್ರೆ ಆಯ್ತದೆ, ನೀನು ಕೂತ್ರೆ ಆಗಲ್ಲ. ಗಾಡಿಗೆ ಏನೂ ಆಗಿಲ್ಲ ಕಣ್ಲಾ. ನೀನಂದ್ರೆ ಆಗಲ್ಲ, ಅಷ್ಟೇಯ."

"ಸುಮ್ನಿರೋ, ಏಟು ಸರಿಯಾಗಿ ಬೀಳ್ತಿಲ್ಲ" ಎಂದೆ.

ಸುಜಾತ ಮಾತ್ರ ಬಾಗಿಲಲ್ಲಿ ನಿಂತು ನನ್ನ ಕಾಲನ್ನೇ ನೋಡುತ್ತಿದ್ದಳು. "ರೀ, ಕ್ಲಚ್ ತಳ ಮುಟ್ಟ ತುಳೀಬೇಕು ಅಂದ್ರಲ್ಲ. ನಿಮ್ಮ ಕಾಲು ತಳ ಮುಟ್ಟಿಸ್ತಾ ಇಲ್ವಲ್ರೀ?"

ನೋಡಿದೆ. ಕ್ಲಚ್ಚಿಗೂ ತಳಕ್ಕೂ ನಡುವೆ ಅಂಗೈಯಷ್ಟು ಜಾಗ! ನನ್ನ ಕಾಲು ಅಲ್ಲಿಗೆ ಚಾಚಿ ಚಾಚಿ ಸೋತು ಗಾಳಿಯಲ್ಲಿ ನಿಂತಿತ್ತು.

"ಸೀಟ್ ಯಾಕ್ರೀ ಅಷ್ಟು ಹಿಂದಕ್ಕೆ ತಳ್ತೀರ?"

"ಹೊಟ್ಟೆಗೆ ಸ್ಟೇರಿಂಗ್ ಒತ್ತುತ್ತೆ ಕಣೇ. ಬೆಳಿಗ್ಗೆ ಹೊತ್ತು ಮುಂದಕ್ಕೆ ಎಳ್ಕೊಂಡೇ ಕೂರ್ತೀನಿ. ಊಟ ಆದ್ಮೇಲೆ..."

ಅಷ್ಟು ಹೇಳಿ ನಾನೇ ಬಾಯಿ ಮುಚ್ಚಿಕೊಂಡೆ. ಅಡುಗೆಯವರಲ್ಲೊಬ್ಬರು ಕಿಸಕ್ ಎಂದರು. ಕೆಂಪರಾಜ ಬೈಕಿನಿಂದ ಇಳಿದು, ನೆಲದ ಮೇಲೆ ಕೂತೇ ನಗಬೇಕಾಯಿತು. ಬ್ಯಾಟರಿ ಸರಿ ಇತ್ತು. ಸೆಲ್ಫ್ ಸರಿ ಇತ್ತು. ಬಿಸಿಲೂ ಸರಿ ಇತ್ತು. ಕೆಟ್ಟಿದ್ದ ಭಾಗವನ್ನು ನಾನು ದಿನವೂ ಅಂಗಿಯ ಒಳಗೆ ಹೊತ್ತುಕೊಂಡು ಗಾಡಿ ಹತ್ತುತ್ತಿದ್ದೆ!

ನಗಲು ಸಮಯವಿರಲಿಲ್ಲ. ಸೀಟು ಮುಂದಕ್ಕೆ ಎಳೆದೆ. ಉಸಿರು ಒಳಗೆಳೆದು ನುಗ್ಗಿ ಕೂತೆ. ಕೀ ತಿರುಗಿಸಿದ್ದೇ ತಡ, ಗಾಡಿ ಸ್ಟಾರ್ಟ್! ಸಮಾಧಾನದಿಂದ ಉಸಿರು ಬಿಟ್ಟೆ. ಪೋಂ!

ನಮ್ಮ ಗಾಡಿಯ ಹಾರನ್ ಸ್ಟೇರಿಂಗಿನ ನಟ್ಟನಡುವೆ ಇದೆ. ಉಸಿರು ಹಿಡಿದರೆ ಮೌನ, ಬಿಟ್ಟರೆ ಪೋಂ! ಮನುಷ್ಯ ಎಷ್ಟು ಹೊತ್ತು ಉಸಿರು ಹಿಡಿದಾನು? ತಿಪಟೂರಿನ ಪೇಟೆಯೊಳಗೆ ನನ್ನ ಒಂದೊಂದು ಉಸಿರೂ ಊರಿಗೆಲ್ಲ ಕೇಳಿಸಿತು. ಬಸ್ಸುಗಳು ದಾರಿ ಬಿಟ್ಟವು. ಟ್ರಾಫಿಕ್ ಪೊಲೀಸರು ಒಳಗೆ ಬಗ್ಗಿ ನೋಡಿ, ಏನೂ ಕೇಳದೆ, ಹೋಗು ಎಂದು ಕೈ ಬೀಸಿದರು. ಸುಜಾತ ಸೆರಗು ತಲೆಯ ಮೇಲೆ ಎಳೆದುಕೊಂಡು ಮುಖ ಮರೆ ಮಾಡಿಕೊಂಡಿದ್ದಳು.

ಬಿಳಿಗೆರೆ ಮುಟ್ಟುವ ಹೊತ್ತಿಗೆ ಊರೇ ಹೊರಗೆ ನಿಂತಿತ್ತು. ಬೀಗರು ಓಡಿ ಬಂದರು. "ತಡವಾದ್ರೂ ಎಷ್ಟು ಸಂಭ್ರಮವಾಗಿ ಬಂದ್ರಿ ಬೀಗ್ರೆ! ಅಷ್ಟು ದೂರದಿಂದ್ಲೇ ಕೇಳ್ತಿತ್ತು" ಎಂದು ಕೈ ಹಿಡಿದರು. ಎಲೆಗಳ ಮುಂದೆ ಕಾದು ಸುಸ್ತಾಗಿದ್ದ ಜನ ಹಂಡೆ ಇಳಿಯುವುದನ್ನು ಕಂಡು ಹರ್ಷೋದ್ಗಾರ ಮಾಡಿದರು. ಸಾರು ಬಿಸಿಯಾಗಿಯೇ ಇತ್ತು. ಕಾವ್ಯ ದೂರದಿಂದ ನನ್ನ ಪಂಚೆಯ ಮೇಲಿನ ಸಾರಿನ ಕಲೆ ನೋಡಿ, ಮುಖ ತಿರುಗಿಸಿಕೊಂಡು ನಕ್ಕಳು. ನನಗೆ ಅಷ್ಟು ಸಾಕಿತ್ತು. ಮರ್ಯಾದೆ ಉಳಿಯಿತು!

ಆದರೆ ಬೀಗರು ಬಿಡಬೇಕಲ್ಲ. "ನೀವು ಉಣ್ಣದಿದ್ರೆ ನಮಗೂ ಇಳಿಯಲ್ಲ ಕಣ್ರೀ" ಎಂದು ಎಲೆ ಮುಂದೆ ಕೂರಿಸಿದರು. ಬೇಡವೆಂದರೆ ಮುನಿಸು, ಹೂಂ ಎಂದರೆ ಮುದ್ದೆ. ಮಗಳ ಮುಖ ನೋಡಿ ಹೂಂ ಎಂದೆ.

ಹೊರಡುವ ಹೊತ್ತಿಗೆ ಸೀಟು ಎಲ್ಲಿಟ್ಟರೂ ಪ್ರಯೋಜನವಿರಲಿಲ್ಲ. ಮುಂದೆ ಇಟ್ಟರೆ ನಾನು ಹಿಡಿಸುವುದಿಲ್ಲ, ಹಿಂದೆ ಇಟ್ಟರೆ ಗಾಡಿ ಹೊರಡುವುದಿಲ್ಲ. ಬೀಗರ ಮನೆಯವರೆಲ್ಲ ಸಾಲಾಗಿ ನಿಂತು ಬೀಳ್ಕೊಡಲು ಕಾಯುತ್ತಿದ್ದರು. ಕೊನೆಗೆ ಅಳಿಯ ಮಹೇಶ ಮೆಲ್ಲಗೆ ಬಂದು, "ಮಾವ, ಹೆಂಗೂ ನಾವಿಬ್ರೂ ನಿಮ್ಮನೆಗೆ ಬರೋರೇ. ನಾನೇ ಓಡಿಸ್ತೀನಿ ಬುಡಿ" ಎಂದ. ಅವನು ಕೂತ ತಕ್ಷಣ ಗಾಡಿ ಗುರ್ ಎಂದಿತು. ಪಕ್ಕದಲ್ಲಿ ಕಾವ್ಯ ಕೂತಳು, ಅವಳ ಪಕ್ಕ ಸುಜಾತ. ಬಾಗಿಲು ಮುಚ್ಚಿತು. ನಾನು ಹಿಂದಕ್ಕೆ ಹತ್ತಿ, ಖಾಲಿ ಹಂಡೆಗಳ ನಡುವೆ ಹಗ್ಗ ಹಿಡಿದು ಕೂತೆ.

ಹೊನ್ನವಳ್ಳಿ ಬಸ್ ಸ್ಟ್ಯಾಂಡಿನ ಬಳಿ ಗಾಡಿ ನಿಧಾನವಾದಾಗ ಯಾರೋ ಅಂಗಡಿಯ ಜಗುಲಿಯಿಂದ ಕೇಳಿದರು. "ಏನ್ ರಂಗಣ್ಣ, ಏನು ಲೋಡು?"

"ನಾನೇ ಕಣಪ್ಪ" ಎಂದೆ.