ಸರ್ ಸಲ್ಲಿಸದೆ ಉಳಿದ ಅರ್ಜಿ

ಮಹಾರಾಷ್ಟ್ರದ ಗಡಿಯ ಉಮರ್ಗಾ, ನಿಲಂಗಾ, ಉದಗೀರದ ನಡುವೆ ಕಾನೂನು ನಡೆಯುವ ರೀತಿ ಬೇರೆ, ನಾವು ಓದಿದ ರೀತಿ ಬೇರೆ. ಇವೆರಡೂ ಎದುರುಬದುರಾದಾಗಲೆಲ್ಲ ನಗೆಗೇಡಿನ ಪ್ರಸಂಗವೊಂದು ಹುಟ್ಟುತ್ತದೆ. ನಮ್ಮ ಪ್ರಾಧ್ಯಾಪಕರ ವೃತ್ತಿಜೀವನವೇ ಅಂಥ ಪ್ರಸಂಗಗಳ ಸಾಲು. ನಗುವವರು ನಗಬಹುದು, ನನಗೆ ಇನ್ನೂ ಸಾಧ್ಯವಾಗಿಲ್ಲ.

ತಾಸಿನ ಲೆಕ್ಕ

ಸರ್ ಉದಗೀರದಲ್ಲಿ ಅಪರಾಧ ಕಾನೂನು ಕಲಿಸುತ್ತಿದ್ದರು. ಅಕ್ರಮವಾಗಿ ಹಿಡಿದಿಟ್ಟವನನ್ನು ತಂದು ನಿಲ್ಲಿಸುವಂತೆ ಆಜ್ಞಾಪಿಸಿ ಎಂದು ಹೈಕೋರ್ಟನ್ನು ಕೋರುವ ಅರ್ಜಿ, ಹೇಬಿಯಸ್ ಕಾರ್ಪಸ್, ಅವರ ಪ್ರೀತಿಯ ಪಾಠ. ಬಂಧಿತನನ್ನು ಇಪ್ಪತ್ನಾಲ್ಕು ತಾಸಿನೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಲೇಬೇಕು ಎಂದು ಅವರು ಮೇಜು ಗುದ್ದಿ ಹೇಳಿದಾಗ, ನೌಕರಿ ಮಾಡುತ್ತಲೇ ಓದುತ್ತಿದ್ದ ಪೊಲೀಸನೊಬ್ಬ ವಿನಯದಿಂದ ಎದ್ದು ನಿಂತ.

“ಸರ್, ಆ ತಾಸು ಹಿಡದಾಗಿಂದ ಶುರು ಆಗಂಗಿಲ್ರೀ. ನಾವು ಬರಕೊಂಡಾಗಿಂದ ಆಗ್ತಾವ.”

“ಯಾವಾಗ ಬರಕೋತೀರಿ?”

“ಸಾಹೇಬ್ರಿಗಿ ಪುರುಸೊತ್ತ ಆದಾಗ್ರೀ.”

ಹಿಡಿಯುವವರು

ಸರ್ ನಿವೃತ್ತರಾಗುವ ವರ್ಷ, ಯೆಣೆಗೂರಿನ ಕುರಿ ಸಾಕುವ ಮನೆತನದ ತಾಯಿಯೊಬ್ಬಳು ನಿಲಂಗಾದ ಅವರ ಮನೆಗೆ ಬಂದಳು. ನಾನೂ ಅಲ್ಲಿದ್ದೆ. ಆಕೆಯ ಮಗನನ್ನು ಕುರಿ ಕಳವಿನ ಸಂಶಯದ ಮೇಲೆ ಔರಾದ ಶಹಾಜನಿಯ ಸಂತೆಯಿಂದ ಪೊಲೀಸರು ಎಳೆದೊಯ್ದಿದ್ದರು. ವಾರವಾದರೂ ಕೋರ್ಟಿಗೆ ತಂದಿರಲಿಲ್ಲ. ಕೇಳಿದರೆ, ಅಂಥವನು ನಮ್ಮಲ್ಲಿಲ್ಲ ಎಂಬ ಉತ್ತರ. ಜೀವಮಾನವೆಲ್ಲ ಕಲಿಸಿದ ಅರ್ಜಿಯನ್ನು ಸರ್ ಒಮ್ಮೆಯೂ ಸಲ್ಲಿಸಿರಲಿಲ್ಲ. ಅಂದು ಅವರ ಮುಖಕ್ಕೆ ಕಳೆ ಬಂತು.

“ಆಯೀ, ಹೈಕೋರ್ಟಿನಾಗ ಪೊಲೀಸರು ಪ್ರಮಾಣ ಮಾಡಿ ಉತ್ತರ ಬರದ ಕೊಡಬೇಕಾಗ್ತದ. ಸುಳ್ಳ ಬರದ್ರ ಅದೂ ಅಪರಾಧನೇ.”

“ಸುಳ್ಳ ಬರದವ್ರನ್ನ ಹಿಡಿಯಾವ್ರು ಯಾರ್ರೀ?”

ಸರ್ ಕನ್ನಡಕ ತೆಗೆದು ಒರೆಸಿದರು. “ಪೊಲೀಸರೇ.”

ಪ್ರಮಾಣ

ಮರುದಿನ ಮೂವರೂ ಠಾಣೆಗೆ ಹೋದೆವು. ಅಲ್ಲಿದ್ದ ಹವಾಲ್ದಾರನ ಹಣೆಯ ಮೇಲೆ ಭಂಡಾರ, ಅಂದರೆ ಬೀರಪ್ಪ ದೇವರ ಅರಿಶಿನಪುಡಿ. ಸರ್ ಲಿಖಿತ ಉತ್ತರ ಕೇಳಿದರು. ಅರ್ಜಿಗೆ ಅದು ಬೇಕಿತ್ತು. ಆತ ತಡಮಾಡದೆ ಬರೆದುಕೊಟ್ಟ: ಸದರಿ ವ್ಯಕ್ತಿ ಈ ಠಾಣೆಯಲ್ಲಿ ಇರುವುದಿಲ್ಲ. ಸಹಿ, ಶಿಕ್ಕಾ.

“ಇದು ಹೈಕೋರ್ಟಿಗಿ ಹೋಗ್ತದ. ಗೊತ್ತದ ಏನು?”

“ಹೋಗ್ಲಿ ಬಿಡ್ರಿ ಸರ್.”

ಆಗ ತಾಯಿ ಸೆರಗಿನ ಗಂಟು ಬಿಚ್ಚಿ, ತಾನು ತಂದಿದ್ದ ಭಂಡಾರವನ್ನು ಮೇಜಿನ ಮೇಲೆ ಸುರಿದಳು.

“ಇದನ್ನ ಮುಟ್ಟಿ ಹೇಳಪ್ಪಾ, ನನ್ನ ಮಗಾ ಒಳಗಿಲ್ಲಂತ.”

ಹವಾಲ್ದಾರ ಕುರ್ಚಿಸಹಿತ ಹಿಂದೆ ಸರಿದ. ಎರಡೂ ಕೈ ಬೆನ್ನ ಹಿಂದೆ.

“ಆಯೀ, ನನಗೂ ಮಕ್ಕಳ ಅದಾವ. ಅದನ್ನ ತಗೀ ಮೊದಲ.”

ಆಕೆ ತೆಗೆಯಲಿಲ್ಲ. ಆತ ಒಳಗಿನವರಿಗೆ ಕೂಗಿ ಹೇಳಿದ. ಊದಿದ ಕಾಲೆಳೆಯುತ್ತ ಮಗ ಹೊರಬಂದ. ಆ ಕಾಲಿಗಾಗಿ ದೂರು ಕೊಡೋಣವೆಂದು ನಾನು ಅಂದೆ. ತಾಯಿ ಬೇಡವೆಂದಳು; ಮಗನ ಹಣೆಗೆ ಭಂಡಾರ ಬಳಿದು, ನಮಗೆ ಕೈಮುಗಿದು, ಅವನನ್ನು ಕರೆದುಕೊಂಡು ನಡೆದಳು. ಮನುಷ್ಯನೇ ಬಿಡುಗಡೆಯಾದ ಮೇಲೆ ಹೈಕೋರ್ಟಿಗೆ ಕೋರುವುದೇನೂ ಉಳಿಯಲಿಲ್ಲ.

ಸರ್ ಶಿಕ್ಕಾದ ಮಸಿ ಇನ್ನೂ ಆರದ ಉತ್ತರವನ್ನು ಹಿಡಿದು ನಿಂತೇ ಇದ್ದರು.

“ಹಂಗಾರ ಇದು?”

“ಇರ್ಲಿ ಸರ್, ಇಟ್ಕೊರಿ,” ಅಂದ ಹವಾಲ್ದಾರ. “ಅದು ಹೈಕೋರ್ಟಿಗಿ ಬರದ ಕೊಟ್ಟಿದ್ದು.”